ಎಂಟು ಗಂಟೆ ನಲವತ್ತೊಂಬತ್ತು ನಿಮಿಷ ಕಡಿಮೆ ಬಿದ್ದ ನಕಲು

ಸಾಕ್ಷ್ಯ ಸಂರಕ್ಷಣಾ ಇಲಾಖೆಯ ಕೇಂದ್ರ ಕಚೇರಿಯಲ್ಲಿ ಒಂದು ಡಿವಿಡಿಯನ್ನು ಕಂಪ್ಯೂಟರಿಗೆ ನಕಲು ಮಾಡಲು ಒಂಬತ್ತು ಗಂಟೆ ಬೇಕು. ಕಚೇರಿ ನಡೆಯುವುದು ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ, ಅಂದರೆ ಏಳೂವರೆ ಗಂಟೆ. ಐದೂವರೆಗೆ ಎಲ್ಲ ಯಂತ್ರಗಳನ್ನೂ ಆರಿಸತಕ್ಕದ್ದು ಎಂಬ ಸುತ್ತೋಲೆ ಗೋಡೆಯ ಮೇಲಿದೆ. ಹೀಗಾಗಿ ನಕಲು ಪ್ರತಿದಿನ ಹತ್ತಕ್ಕೆ ಶುರುವಾಗಿ, ಐದೂವರೆಗೆ ಶೇಕಡಾ ಎಂಬತ್ತಮೂರಕ್ಕೆ ತಲುಪಿ, ನಿಲ್ಲುತ್ತದೆ. ಮರುದಿನ ಹತ್ತಕ್ಕೆ ಮತ್ತೆ ಸೊನ್ನೆಯಿಂದ ಶುರು. ಈ ಸಂಗತಿಗಳ ನಡುವೆ ಯಾವ ವಿರೋಧವೂ ಇಲ್ಲವೆಂದು ಇಲಾಖೆ ಲಿಖಿತವಾಗಿ ಸ್ಪಷ್ಟಪಡಿಸಿದೆ.

ಈ ಕೆಲಸ ಮಾಡುವಾಕೆಯನ್ನು ಕಚೇರಿಯಲ್ಲಿ ಎಲ್ಲರೂ ಕಂಪ್ಯೂಟರಮ್ಮ ಎನ್ನುತ್ತಾರೆ. ಅವಳದು ಗುತ್ತಿಗೆ ನೌಕರಿ. ವರ್ಷಕ್ಕೊಮ್ಮೆ ಅಧೀಕ್ಷಕರು ಅವಳ ಕಡತಕ್ಕೆ ಸಹಿ ಹಾಕಿದರೆ ಮುಂದಿನ ವರ್ಷವೂ ಅದೇ ಕುರ್ಚಿ. ಹಾಕದಿದ್ದರೆ ಕುರ್ಚಿ ಮಾತ್ರ ಅಲ್ಲೇ ಇರುತ್ತದೆ.

ಇಲಾಖೆಯ ಕಪಾಟುಗಳಲ್ಲಿ ಹಳೆಯ ವಿಚಾರಣೆಗಳ ಆರುನೂರ ನಲವತ್ತು ಡಿವಿಡಿಗಳಿದ್ದವು. ಯಾವ್ಯಾವುದೋ ಕಾಲದಲ್ಲಿ ಯಾರ್ಯಾರೋ ಕ್ಯಾಮೆರಾದ ಮುಂದೆ ಕೂತು ಹೇಳಿದ ಸಾಕ್ಷ್ಯ. ಡಿಸ್ಕುಗಳು ಅಂಚಿನಿಂದ ಮಂಕಾಗತೊಡಗಿದ್ದವು. ಹಾಳಾಗುವ ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸಿಡಿ ಎಂದು ಆದೇಶವಾಯಿತು. ಇಲ್ಲಿಯವರೆಗೆ ಇಲಾಖೆಯ ತಪ್ಪೇನೂ ಇಲ್ಲ.

ಮೊದಮೊದಲು ಒಂದು ಡಿಸ್ಕಿಗೆ ಎರಡು ಗಂಟೆ ಹಿಡಿಯುತ್ತಿತ್ತು. ಡ್ರೈವಿನ ಜೊತೆ ಬಂದ ಕಾಗದದಲ್ಲಿ ಹತ್ತು ಹದಿನೈದು ನಿಮಿಷ ಸಾಕೆಂದು ಬರೆದಿತ್ತು. ಆ ಕಾಗದವನ್ನು ನಂಬುವಷ್ಟು ಕಂಪ್ಯೂಟರಮ್ಮ ಆಗ ಹೊಸಬಳು. ಕೇಬಲ್ ಬದಲಾಯಿಸಿದಳು. ಕಂಪ್ಯೂಟರಿನ ಮುಂದಿನ ಕಿಂಡಿಯಲ್ಲಿದ್ದದ್ದನ್ನು ಹಿಂದಿನ ಕಿಂಡಿಗೆ ಚುಚ್ಚಿ ನೋಡಿದಳು. ವೈರಸ್ ಹುಡುಕುವ ಪ್ರೋಗ್ರಾಮನ್ನು ನಿಲ್ಲಿಸಿದಳು. ಹಾರ್ಡ್ ಡಿಸ್ಕಿನ ಕಸ ಬಳಿದು ಜಾಗ ಮಾಡಿದಳು. ಡ್ರೈವಿನ ಲೆನ್ಸನ್ನು ಹತ್ತಿಕಡ್ಡಿಯಿಂದಲೂ ಡಿಸ್ಕುಗಳನ್ನು ಮೆತ್ತನೆಯ ಬಟ್ಟೆಯಿಂದಲೂ ಒರೆಸಿದಳು. ಅಣ್ಣನ ಮನೆಯಿಂದ ಇನ್ನೊಂದು ಡ್ರೈವನ್ನೇ ತಂದು ಜೋಡಿಸಿದಳು. ಎರಡು ಗಂಟೆ ಎರಡು ಗಂಟೆಯಾಗಿಯೇ ಉಳಿಯಿತು. ಆಗ ಅವಳು ಮಾಡಬಾರದ ಕೆಲಸವೊಂದನ್ನು ಮಾಡಿದಳು. ನಕಲು ನಿಧಾನವಾಗುತ್ತಿದೆ ಎಂದು ಮೇಲಕ್ಕೆ ಟಿಪ್ಪಣಿ ಬರೆದಳು.

ಮೂರು ವಾರದ ಮೇಲೆ ಉತ್ತರ ಬಂತು. ವಿಷಯದ ಗಂಭೀರತೆಯನ್ನು ಪರಿಗಣಿಸಿ, ಎಲ್ಲ ಡಿಸ್ಕುಗಳ ಮೇಲೂ "ಶೀಘ್ರ" ಎಂಬ ಕೆಂಪು ಲೇಬಲ್ ಅಂಟಿಸಲು ಆದೇಶಿಸಲಾಗಿತ್ತು.

ಲೇಬಲ್ ಎಂದರೆ ಗೋಂದಣ್ಣ. ಮೂವತ್ತು ವರ್ಷದಿಂದ ಇಲಾಖೆಯ ವಸ್ತುಗಳಿಗೆಲ್ಲ ಲೇಬಲ್ ಅಂಟಿಸುತ್ತ ಬಂದ ಗುಮಾಸ್ತ. ಫ್ಯಾನಿಗೆ, ಫ್ಯಾನಿನ ಮೂರು ರೆಕ್ಕೆಗೂ ಬೇರೆಬೇರೆಯಾಗಿ, ಕಸದ ಬುಟ್ಟಿಗೆ, ನೀರಿನ ಲೋಟಕ್ಕೆ, ಲೇಬಲ್ ಇಡುವ ಡಬ್ಬಿಗೆ, ಎಲ್ಲಕ್ಕೂ ಅವನ ಕೈಯ ಗುರುತು. ಪ್ರತಿ ಡಿಸ್ಕಿನ ಮೇಲೂ ಅವನು ಮೊದಲೇ ಒಂದು ದಪ್ಪ ಕಾಗದದ ಲೇಬಲ್ ಅಂಟಿಸಿದ್ದ. ಅದರಲ್ಲಿ ಸಂಖ್ಯೆ, ವಿಭಾಗ, ಮೊಹರು. ಮೊಹರಿನ ಮೇಲೆ ಏನನ್ನೂ ಅಂಟಿಸುವಂತಿಲ್ಲವಾದ್ದರಿಂದ ಕೆಂಪು ಲೇಬಲನ್ನು ಅದರ ಪಕ್ಕಕ್ಕೆ ಅಂಟಿಸಿದ. ಲೇಬಲ್ ನಿಯಮಾವಳಿ ಈ ಬಗ್ಗೆ ಸ್ಪಷ್ಟವಾಗಿದೆ: "ಲೇಬಲುಗಳೆಲ್ಲವೂ ಮಧ್ಯದ ರಂಧ್ರದ ಬಲಭಾಗದಲ್ಲಿಯೇ ಇರತಕ್ಕದ್ದು. ಓದುವವರು ಡಿಸ್ಕನ್ನು ತಿರುಗಿಸುವ ಪ್ರಮೇಯ ಬರತಕ್ಕದ್ದಲ್ಲ."

"ಶೀಘ್ರ" ಲೇಬಲ್ ಬಿದ್ದ ಮೇಲೆ ನಕಲಿಗೆ ಐದು ಗಂಟೆ ಹಿಡಿಯತೊಡಗಿತು. ಕಂಪ್ಯೂಟರಮ್ಮ ಇನ್ನೊಂದು ಟಿಪ್ಪಣಿ ಬರೆದಳು. ಈ ಸಲ ಮೇಲಿನವರು ಬೆಚ್ಚಿಬಿದ್ದರು. ನಿಧಾನ ನಿವಾರಣಾ ಸಮಿತಿ ರಚನೆಯಾಯಿತು. ಸಮಿತಿಗೆ ಕೋಣೆ ಬೇಕಾಯಿತು. ಎರಡನೆಯ ಮಹಡಿಯಲ್ಲಿ ಜನ ಅರ್ಜಿ ಬರೆಯಲು ಕೂರುತ್ತಿದ್ದ ಹಜಾರವನ್ನು ತೆರವು ಮಾಡಿಸಿ, ಎಸಿ ಹಾಕಿಸಿ, ಸೋಫಾ ತರಿಸಿದರು. ನಿಧಾನವನ್ನು ಸ್ಥಳದಲ್ಲಿಯೇ ಕಾಣಲು ಸದಸ್ಯರಿಗೆ ಕಾರು ಕೊಟ್ಟರು. ಸ್ಥಳ ಕೆಳಗಿನ ಮಹಡಿಯಲ್ಲಿತ್ತು. ಆದರೂ ಕಾರು ಬಂತು. ಐವರು ಸದಸ್ಯರು ಕಂಪ್ಯೂಟರಿನ ಹಿಂದೆ ಇಪ್ಪತ್ತು ನಿಮಿಷ ನಿಂತು, ನಿಧಾನ ಇರುವುದು ನಿಜವೆಂದು ಷರಾ ಬರೆದು ಹೋದರು. ಬಂದು ಹೋದದ್ದಕ್ಕೆ ಗುರುತಾಗಿ ಪ್ರತಿ ಡಿಸ್ಕಿಗೂ "ಸಮಿತಿಯಿಂದ ಪರಿಶೀಲಿಸಲಾಗಿದೆ" ಎಂಬ ಮೂರನೆಯ ಲೇಬಲ್ ಬಿತ್ತು, ಬಲಭಾಗದಲ್ಲಿಯೇ.

ಅಂದಿನಿಂದ ಒಂಬತ್ತು ಗಂಟೆ. ಸಮಿತಿ ತನ್ನ ಮೊದಲ ವರದಿಯಲ್ಲಿ ಇದನ್ನು ಸಾಧನೆಯೆಂದೇ ಕಾಣಿಸಿತು. ಮುಂಚೆ ಒಮ್ಮೆ ಎರಡು ಗಂಟೆ, ಒಮ್ಮೆ ಐದು ಗಂಟೆ ಎಂದು ಏರುಪೇರಾಗುತ್ತಿದ್ದ ಅವಧಿ ಈಗ ಎಲ್ಲ ಡಿಸ್ಕಿಗೂ ಸಮಾನವಾಗಿದೆ, ನಿಧಾನಕ್ಕೆ ಒಂದು ಶಿಸ್ತು ಬಂದಿದೆ ಎಂದು ಬರೆದು, ಒಂಬತ್ತು ಗಂಟೆಯನ್ನು ನಿಗದಿತ ಅವಧಿಯೆಂದು ಘೋಷಿಸಿತು. ಕಂಪ್ಯೂಟರಮ್ಮ ಆಮೇಲೆ ಟಿಪ್ಪಣಿ ಬರೆಯುವುದನ್ನು ಬಿಟ್ಟಳು. ನಾಲ್ಕನೆಯ ಲೇಬಲಿಗೆ ಡಿಸ್ಕಿನಲ್ಲಿ ಜಾಗ ಇನ್ನೂ ಇತ್ತು ಎಂಬುದೇ ಅವಳ ಭಯ.

ಸಮಿತಿಗೆ ಏಳು ತಿಂಗಳು ತುಂಬಿದಾಗ ಹೊಲಿಗೆಯವಳು ಬಂದಳು.

ಬಟ್ಟೆ ಹೊಲಿದು ಬದುಕುವ ಹೆಣ್ಣುಮಗಳು. ಅವಳ ಅಪ್ಪ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಹನ್ನೆರಡು ವರ್ಷದ ಹಿಂದೆ ಗಿರಣಿಗೆ ಬೆಂಕಿ ಬಿತ್ತು. ಒಳಗಿದ್ದ ಮೂವತ್ತು ಜನರಲ್ಲಿ ಹದಿನೆಂಟು ಜನ ಹೊರಗೆ ಬರಲಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು ಎಂದು ವಿಚಾರಣಾ ಆಯೋಗದ ಕ್ಯಾಮೆರಾ ಮುಂದೆ ಹೇಳಿದವನು ಅವಳಪ್ಪ ಒಬ್ಬನೇ. ಆಮೇಲೆ ಅವನ ಗಂಟಲಿಗೆ ಆಪರೇಷನ್ ಆಗಿ ಧ್ವನಿ ಹೋಯಿತು. ಈಗ ಗಿರಣಿಯ ಮಾಲೀಕರು, ಬಾಗಿಲು ತೆರೆದೇ ಇತ್ತು, ಜನ ಗಾಬರಿಬಿದ್ದು ಸತ್ತರು, ಅಂಥ ಸಾಕ್ಷ್ಯವನ್ನು ಯಾರೂ ಹೇಳಿಯೇ ಇಲ್ಲ ಎಂದು ವಾದಿಸುತ್ತಿದ್ದರು. ಸಾಕ್ಷ್ಯದ ಬರಹದ ಪ್ರತಿಯಲ್ಲಿ ಆ ಒಂದು ಹಾಳೆ ಮಾತ್ರ ಕಳೆದುಹೋಗಿತ್ತು. ಮುದುಕ ಮತ್ತೆ ಬರೆದುಕೊಡುತ್ತೇನೆಂದು ಸನ್ನೆ ಮಾಡಿದ. ಬಾಯಲ್ಲಿ ಹೇಳಿದ್ದನ್ನು ಬಾಯಿಂದಲೇ ಸಾಬೀತು ಮಾಡಬೇಕೆಂದು ಆಯೋಗ ಹೇಳಿತು. ಉಳಿದದ್ದು ಇಲಾಖೆಯ ಇನ್ನೂರ ಹನ್ನೆರಡನೆಯ ಡಿಸ್ಕ್. ಮೂಲ ಡಿಸ್ಕ್ ಕಚೇರಿಯ ಹೊಸಿಲು ದಾಟುವಂತಿಲ್ಲ. ಇಪ್ಪತ್ತೆಂಟನೆಯ ತಾರೀಖು ಕೊನೆಯ ವಿಚಾರಣೆ, ಅಷ್ಟರೊಳಗೆ ದೃಢೀಕೃತ ನಕಲು ತರಬೇಕು.

ಅವಳು ಬಂದದ್ದು ಆರನೆಯ ತಾರೀಖು. ಅರ್ಜಿ ಕೊಟ್ಟಳು, ಸ್ವೀಕೃತಿ ತೆಗೆದುಕೊಂಡಳು, ಕಂಪ್ಯೂಟರಿನ ಎದುರಿನ ಬೆಂಚಿನ ಮೇಲೆ ಕೂತಳು. ಸಂಜೆ ಪರದೆಯ ಮೇಲೆ ಎಂಬತ್ತಮೂರು ಕಂಡಾಗ ಅವಳ ಮುಖ ಅರಳಿತ್ತು. ಅಷ್ಟರಲ್ಲಿ ಐದೂವರೆಯಾಯಿತು.

"ನಾಳೆ ಬಂದ್ರೆ ಉಳಿದಿದ್ದು ಆಗುತ್ತಾ ಅಕ್ಕ?"

"ನಾಳೆ ಮೊದಲಿಂದ ಕಣಮ್ಮ."

"ಅಂದ್ರೆ ಇವತ್ತಿನ ಎಂಬತ್ತಮೂರು ಏನಾಯ್ತು?"

ಅದು ಇವತ್ತಿನ ಲೆಕ್ಕಕ್ಕೆ ಹೋಯಿತು ಎಂದು ಕಂಪ್ಯೂಟರಮ್ಮ ಹೇಳಿದಳು. ಹೇಳಿ, ಪರ್ಸಿನ ಜಿಪ್ಪು ಹಾಕುವ ನೆಪದಲ್ಲಿ ಅವಳ ಮುಖ ನೋಡುವುದನ್ನು ತಪ್ಪಿಸಿಕೊಂಡಳು.

ಹೊಲಿಗೆಯವಳು ದಿನಾ ಬಂದಳು. ಮನೆಯಿಂದ ಬಟ್ಟೆ ತಂದು ಬೆಂಚಿನ ಮೇಲೆ ಕಾಜಾ ಕಟ್ಟುತ್ತ, ಗುಂಡಿ ಹಾಕುತ್ತ ಕೂರುತ್ತಿದ್ದಳು. ಹತ್ತು ದಿನ ಕಳೆಯುವಷ್ಟರಲ್ಲಿ ಅಧೀಕ್ಷಕರ ಕೋಟಿನ ಹರಿದ ಜೇಬನ್ನೂ ಹೊಲಿದುಕೊಟ್ಟಿದ್ದಳು. ಅವರು ಸಂತೋಷದಿಂದ ಹಾಕಿಕೊಂಡರು, ನಕಲಿನ ಸಂಗತಿ ನಕಲಿನ ಸಂಗತಿಯೆಂದರು. ಹದಿನೇಳನೆಯ ತಾರೀಖು ಅವಳು ಸೂಜಿ ನಿಲ್ಲಿಸಿ ಡ್ರೈವಿನ ಸದ್ದಿಗೆ ಕಿವಿಗೊಟ್ಟಳು.

"ಅಕ್ಕ, ಇದು ಯಾಕೆ ಹೀಗೆ ಗರಗರ ಅನ್ನುತ್ತೆ?"

"ಹಳೇದು."

"ಹಳೇದಕ್ಕಲ್ಲ. ಬಾಬಿನ್‌ಗೆ ದಾರ ಒಂದೇ ಕಡೆ ದಪ್ಪ ಸುತ್ತಿದ್ರೆ ನನ್ನ ಮಷಿನ್ನೂ ಹೀಗೇ ಅನ್ನುತ್ತೆ. ಜೋರಾಗಿ ತುಳಿದ್ರೆ ಅದುರುತ್ತೆ, ಮೆಲ್ಲಗೆ ತುಳೀಬೇಕು. ತೆಗೀರಿ ನೋಡೋಣ."

ಕಂಪ್ಯೂಟರಮ್ಮ ಡಿಸ್ಕ್ ಹೊರತೆಗೆದಳು. ಬಲಗಡೆ ಮೂರು ದಪ್ಪ ಕಾಗದ, ಎಡಗಡೆ ಬೋಳು. ಹೊಲಿಗೆಯವಳು ಅದನ್ನು ಪೆನ್ಸಿಲ್ಲಿನ ತುದಿಗೆ ಸಿಕ್ಕಿಸಿ ಹಿಡಿದಳು. ಬಲಗಡೆ ಅದು ತಾನಾಗಿಯೇ ಕೆಳಕ್ಕೆ ಜಗ್ಗಿತು. ಅದುರದಿರಲೆಂದು ಡ್ರೈವು ಅದನ್ನು ಮೆಲ್ಲಗೆ ತಿರುಗಿಸುತ್ತಿತ್ತು. ಕೇಬಲ್ಲು, ಕಿಂಡಿ, ವೈರಸ್ಸು, ಲೆನ್ಸು ಎಂದು ಅಷ್ಟೆಲ್ಲ ತಿಣುಕಿದ್ದ ಕಂಪ್ಯೂಟರಮ್ಮ ಇನ್ನೊಂದು ಡಿಸ್ಕನ್ನೂ ಪೆನ್ಸಿಲ್ಲಿಗೆ ಸಿಕ್ಕಿಸಿ ನೋಡಿದಳು. ಮರುದಿನ ಮನೆಯಿಂದ ತಂಗಿಯ ಮದುವೆಯ ಡಿವಿಡಿ ತಂದು ಹಾಕಿದಳು. ಅದಕ್ಕೆ ಲೇಬಲ್ ಇರಲಿಲ್ಲ. ಹನ್ನೊಂದು ನಿಮಿಷದಲ್ಲಿ ಮದುವೆ ಪೂರ್ತಿ ಒಳಗೆ ಬಂತು.

ಅವಳು ಬಾಯಿಮಾತಿನಲ್ಲೇ ಅಧೀಕ್ಷಕರಿಗೆ ತಿಳಿಸಿದಳು. ಅವರು ಗಂಭೀರವಾಗಿ ಕೇಳಿಸಿಕೊಂಡು, ನಿಮ್ಮ ತಂಗಿಯ ಮದುವೆ ಸಾಕ್ಷ್ಯವಲ್ಲ, ಆದ್ದರಿಂದ ಅದರ ವೇಗ ಇಲಾಖೆಗೆ ಅನ್ವಯಿಸುವುದಿಲ್ಲ ಎಂದರು. ಲೇಬಲ್ ಕೀಳುವ ಮಾತು ಬಂದಾಗ ಗೋಂದಣ್ಣನನ್ನು ಕರೆಸಿದರು. ಅವನು ಲೇಬಲ್ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತ. ಕೀಳುವುದು ಬೇಡ, ಎಡಗಡೆಗೂ ಅಷ್ಟೇ ತೂಕದ ಕಾಗದ ಅಂಟಿಸಿಬಿಡಿ, ಸರಿಹೋಗುತ್ತದೆ ಎಂದು ಕಂಪ್ಯೂಟರಮ್ಮ ಕೇಳಿಕೊಂಡಳು. ಎಡಭಾಗದ ಲೇಬಲ್ ನಿಯಮದಲ್ಲಿಲ್ಲ, ತಿದ್ದುಪಡಿ ಬೇಕು, ತಿದ್ದುಪಡಿಗೆ ಸಮಿತಿ ಸೇರಬೇಕು, ಸಮಿತಿಯವರು ಬೇರೆ ಊರುಗಳ ನಿಧಾನವನ್ನು ಅಧ್ಯಯನ ಮಾಡಲು ಪ್ರವಾಸ ಹೋಗಿದ್ದಾರೆ, ಮುಂದಿನ ತಿಂಗಳು ಹತ್ತಕ್ಕೆ ಬರುತ್ತಾರೆ ಎಂದರು ಅಧೀಕ್ಷಕರು.

ಇಪ್ಪತ್ತೇಳನೆಯ ತಾರೀಖು ಗೋಂದಣ್ಣ ಸಮಿತಿಯ ಹೊಸ ಸೋಫಾದ ದಿಂಬುಗಳಿಗೆ ಲೇಬಲ್ ಅಂಟಿಸಲು ಎರಡನೆಯ ಮಹಡಿಗೆ ಹೋದ. ಕಂಪ್ಯೂಟರಮ್ಮ ಎರಡು ಲೋಟ ಬಿಸಿ ಚಹಾ ತರಿಸಿದಳು. ಕುಡಿಯಲಿಲ್ಲ. ಇನ್ನೂರ ಹನ್ನೆರಡನ್ನು ಲೋಟದ ಹಬೆಗೆ ಹಿಡಿದಳು. ಗೋಂದು ಮೆತ್ತಗಾಯಿತು. ಹೊಲಿಗೆಯವಳು ಉಗುರಿನಿಂದ ಒಂದೊಂದೇ ಲೇಬಲನ್ನು, ಹಳೆಯ ಹೊಲಿಗೆ ಬಿಚ್ಚುವಷ್ಟು ನಯವಾಗಿ, ಹರಿಯದಂತೆ ಬಿಡಿಸಿದಳು. ಒರೆಸಿ ಒಳಗೆ ಹಾಕಿದರು. ಗರಗರ ಸದ್ದಿಲ್ಲ. ಹನ್ನೊಂದು ನಿಮಿಷಕ್ಕೆ ನೂರು.

ಸರಿಯಾಗಿದೆಯೋ ನೋಡಲು ಕಂಪ್ಯೂಟರಮ್ಮ ಅದನ್ನು ಹಾಕಿದಳು. ಪರದೆಯ ಮೇಲೆ ಕಪ್ಪು ಕೂದಲಿನ ಗಟ್ಟಿಮುಟ್ಟು ಮನುಷ್ಯನೊಬ್ಬ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಬಾಗಿಲಿಗೆ ಹೊರಗಿಂದ ಬೀಗ ಹಾಕಿತ್ತು ಸ್ವಾಮಿ. ಕೀಲಿಕೈ ಮ್ಯಾನೇಜರ್ ಜೇಬಲ್ಲಿತ್ತು. ಯಾಕೆ ಬೀಗ ಅಂದ್ರೆ, ನೀವು ನೂಲು ಕದೀತೀರಲ್ಲ ಅಂದ. ಹೇಳಿ ಊಟಕ್ಕೆ ಹೋದ. ನಾವು ಹನ್ನೆರಡು ಜನ ಕಿಟಕಿ ಒಡೆದು ಬಿದ್ವಿ. ಉಳಿದವರು ಬಾಗಿಲು ಬಡೀತಾನೇ ಇದ್ರು."

ಹೊಲಿಗೆಯವಳು ಸ್ಪೀಕರಿನ ಮೇಲೆ ಕೈಯಿಟ್ಟಳು. "ಅಪ್ಪನ ಧ್ವನಿ ಇಷ್ಟು ದಪ್ಪ ಇತ್ತಾ ಅಕ್ಕ," ಎಂದಳು. "ನಂಗೆ ಮರ್ತೇ ಹೋಗಿತ್ತು."

ಇನ್ನು ಬೇಕಿದ್ದದ್ದು ಒಂದು ಸಹಿ. ಇಬ್ಬರೂ ಅಧೀಕ್ಷಕರ ಎದುರು ನಿಂತರು.

"ಎಷ್ಟು ಹೊತ್ತು ಹಿಡೀತು?" ಅಧೀಕ್ಷಕರು ಕೇಳಿದರು.

"ಹನ್ನೊಂದು ನಿಮಿಷ ಸಾರ್."

"ನಿಗದಿತ ಅವಧಿ?"

"ಒಂಬತ್ತು ಗಂಟೆ."

ಅವರು ಕ್ಯಾಲ್ಕುಲೇಟರ್ ತೆಗೆದು, ಸರಿಬಾರದೆ, ಕೊನೆಗೆ ಕಾಗದದ ಮೇಲೆ ಕಳೆದರು. "ಎಂಟು ಗಂಟೆ ನಲವತ್ತೊಂಬತ್ತು ನಿಮಿಷ ಕಡಿಮೆ ಬಿದ್ದಿದೆಯಲ್ಲಮ್ಮ. ಇದನ್ನ ಪೂರ್ತಿ ನಕಲು ಅಂತ ನಾನು ಹೇಗೆ ಸಹಿ ಹಾಕಲಿ?"

"ಮಾತೆಲ್ಲ ಇದೆ ಸಾರ್. ಒಂದ್ಸಲ ಕೇಳಿ ನೋಡಿ."

"ಕೇಳೋದು ನಮ್ಮ ಕೆಲಸ ಅಲ್ಲ. ನಾವು ಸಂರಕ್ಷಣೆಯವರು."

ಅವರಿಗೆ ಸಿಟ್ಟೇನೂ ಬಂದಿರಲಿಲ್ಲ. ಕೂರಿಸಿ, ತಿಳಿಹೇಳುವ ದನಿಯಲ್ಲಿ ವಿವರಿಸಿದರು. ಹನ್ನೊಂದು ನಿಮಿಷದಲ್ಲಿ ಆಗುವ ಕೆಲಸವೆಂದು ಬರೆದುಕೊಟ್ಟರೆ, ಏಳು ತಿಂಗಳು ಸಮಿತಿ ಏನು ಮಾಡಿತೆಂದು ಯಾರಾದರೂ ಕೇಳುತ್ತಾರೆ. ಸಮಿತಿ ಬೇಡವೆಂದರೆ ಕಾರು ಬೇಡ, ಕೋಣೆ ಬೇಡ. ಆ ಕೋಣೆಗೆ ಮತ್ತೆ ಅರ್ಜಿಯ ಜನ ಬಂದು ತುಂಬಿಕೊಳ್ಳುತ್ತಾರೆ. ಒಂದು ಡಿಸ್ಕಿಗಾಗಿ ಇಡೀ ವ್ಯವಸ್ಥೆ ಅಲ್ಲಾಡಬೇಕೇ?

ಅಷ್ಟರಲ್ಲಿ ಗೋಂದಣ್ಣ ಇಳಿದು ಬಂದ. ಬೋಳು ಡಿಸ್ಕನ್ನು ಎರಡೂ ಕಡೆ ತಿರುವಿ ನೋಡಿ, ಇದು ಇಲಾಖೆಯ ವಸ್ತುವೇ ಅಲ್ಲ ಎಂದ.

"ಬೆಳಿಗ್ಗೆ ತನಕ ಇನ್ನೂರ ಹನ್ನೆರಡು ಆಗಿತ್ತಲ್ಲ ಗೋಂದಣ್ಣ. ನೀನೇ ಅಲ್ವಾ ಅಂಟಿಸಿದ್ದು?"

"ನಾನೇ. ಅದಕ್ಕೇ ಹೇಳ್ತಿದೀನಿ ಕಂಪ್ಯೂಟರಮ್ಮ. ನನ್ನ ಲೇಬಲ್ ನಂಗೆ ಗೊತ್ತಾಗಲ್ವಾ? ಇದರ ಮೇಲೆ ಇಲ್ಲ."

ಇಲಾಖೆಯದಲ್ಲದ ಡಿಸ್ಕಿನ ನಕಲು ಇಲಾಖೆಯ ಕಂಪ್ಯೂಟರಿನಲ್ಲಿ ಇರುವುದು ಅಕ್ರಮವೆಂದು ತೀರ್ಮಾನವಾಯಿತು. ಅಳಿಸಬೇಕೆಂದು ಅಧೀಕ್ಷಕರು ಹೇಳಿದರು. ಕಂಪ್ಯೂಟರಮ್ಮ ಅಲ್ಲಾಡಲಿಲ್ಲ. ಆಗ ಅವರು, ತಿಂಗಳ ಕೊನೆ ಬಂತು, ನಿಮ್ಮ ಗುತ್ತಿಗೆಯ ಕಡತ ನನ್ನ ಮೇಜಿನ ಮೇಲೇ ಇದೆ, ಅದೂ ಶೇಕಡಾ ಎಂಬತ್ತಮೂರು ಮುಗಿದಿದೆ ಎಂದರು. ಮೃದುವಾಗಿಯೇ ಅಂದರು. ಅವಳಿಗೆ ಮನೆಯಲ್ಲಿ ಅತ್ತೆಯ ಔಷಧಿ ಚೀಟಿ, ಇಬ್ಬರು ಮಕ್ಕಳ ಶಾಲೆ ಎಲ್ಲ ಒಮ್ಮೆಲೇ ಕಣ್ಣಿಗೆ ಬಂದವು. ಹೊಲಿಗೆಯವಳ ಕಡೆ ನೋಡದೆ ಹೋಗಿ ಗುಂಡಿ ಒತ್ತಿದಳು.

ಅಳಿಸುವ ಕೆಲಸ ಒಂದೇ ಕ್ಷಣದಲ್ಲಿ ಆಯಿತು. ಈ ವೇಗದ ಬಗ್ಗೆ ಯಾರೂ ಆಕ್ಷೇಪ ಎತ್ತಲಿಲ್ಲ.

ಇಲಾಖೆ ಜನರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಗೋಂದಣ್ಣ ಮೂರೂ ಲೇಬಲುಗಳನ್ನು ಮತ್ತೆ ಅಂಟಿಸಿ, ನಡುವೆ ಬಿಟ್ಟುಹೋದದ್ದಕ್ಕೆ "ಪುನಃ ಅಂಟಿಸಲಾಗಿದೆ" ಎಂಬ ನಾಲ್ಕನೆಯದನ್ನೂ ಸೇರಿಸಿದ. ಅಧೀಕ್ಷಕರು ಹೊಲಿಗೆಯವಳಿಗೆ ಒಂದು ಪ್ರಮಾಣಪತ್ರ ಬರೆದುಕೊಟ್ಟರು: "ಡಿಸ್ಕ್ ಸಂಖ್ಯೆ ಇನ್ನೂರ ಹನ್ನೆರಡರ ನಕಲು ಕಾರ್ಯ ಪ್ರಗತಿಯಲ್ಲಿದ್ದು, ಪ್ರತಿದಿನ ಶೇಕಡಾ ಎಂಬತ್ತಮೂರರಷ್ಟು ಪೂರ್ಣಗೊಳ್ಳುತ್ತಿದೆ ಎಂದು ಈ ಮೂಲಕ ದೃಢೀಕರಿಸಲಾಗಿದೆ."

ಇಪ್ಪತ್ತೆಂಟಕ್ಕೆ ಆಯೋಗ ಆ ಕಾಗದವನ್ನು ಅತ್ಯಂತ ಗೌರವದಿಂದ ಸ್ವೀಕರಿಸಿತು. ಗಿರಣಿಯ ವಕೀಲರು ಅದನ್ನು ತರಿಸಿಕೊಂಡು ಎರಡು ಸಲ ಓದಿ, ತಮ್ಮ ವಾದವನ್ನು ಅಲ್ಲಿಯೇ ಬದಲಾಯಿಸಿಕೊಂಡರು. ಅಗ್ನಿಶಾಮಕದವರ ವರದಿಯ ಪ್ರಕಾರ ಬೆಂಕಿ ಬಾಗಿಲಿಗೆ ಮುಟ್ಟಲು ಹಿಡಿದದ್ದು ಹನ್ನೊಂದು ನಿಮಿಷ. ಒಂದು ಡಿಸ್ಕಿನ ನಕಲಿಗೆ ಸರ್ಕಾರಕ್ಕೇ ಒಂಬತ್ತು ಗಂಟೆ ಬೇಕಾದಾಗ, ಬಡಪಾಯಿ ಖಾಸಗಿ ಬಾಗಿಲೊಂದು ಹನ್ನೊಂದೇ ನಿಮಿಷದಲ್ಲಿ ತೆರೆಯಬೇಕಿತ್ತು ಎನ್ನುವುದು ನ್ಯಾಯವೇ ಎಂದು ಕೇಳಿದರು. ಆಯೋಗದವರು ತಲೆದೂಗಿದರು. ಆದೇಶ ಮಧ್ಯಾಹ್ನವೇ ಬಂತು. ಬಾಗಿಲು ಮುಚ್ಚಿತ್ತೆಂದು ಹೇಳಲಾಗದು, ತೆರೆದಿತ್ತೆಂದೂ ಹೇಳಲಾಗದು. ಅದನ್ನು ತೆರೆಯುವ ಕಾರ್ಯ ಪ್ರಗತಿಯಲ್ಲಿತ್ತು. ಮೃತರು ನಿಗದಿತ ಅವಧಿಯವರೆಗೆ ಕಾಯದೆ ಅವಸರಪಟ್ಟಿದ್ದಾರೆ. ಆದರೂ ಇನ್ನೂರ ಹನ್ನೆರಡನೆಯ ಡಿಸ್ಕಿನ ನಕಲು ಪೂರ್ಣಗೊಂಡ ದಿನ ಪ್ರಕರಣವನ್ನು ಮತ್ತೆ ತೆರೆಯಲು ಅಡ್ಡಿಯಿಲ್ಲ.

ಈ ಕೊನೆಯ ವಾಕ್ಯದಿಂದ ಎಲ್ಲರಿಗೂ ಸಮಾಧಾನವಾಯಿತು. ಸಮಿತಿ ಪ್ರವಾಸದಿಂದ ಮರಳಿದ ಮೇಲೆ ಅದನ್ನು ಕಾಯಂ ಮಾಡಿದರು, ಎರಡನೆಯ ಕಾರು ಬಂತು. ಗೋಂದಣ್ಣನಿಗೆ ಬಡ್ತಿಯಾಯಿತು. ಕಂಪ್ಯೂಟರಮ್ಮನ ಕಡತಕ್ಕೆ ಸಹಿ ಬಿತ್ತು, ಕುರ್ಚಿಗೂ ಅವಳಿಗೂ ಒಂದೇ ಸಂಖ್ಯೆ ಕೊಟ್ಟರು. ಅವಳು ದಿನಾ ಹತ್ತಕ್ಕೆ ಇನ್ನೂರ ಹನ್ನೆರಡನ್ನು ಒಳಗೆ ಹಾಕುತ್ತಾಳೆ. ನಾಲ್ಕು ಲೇಬಲಿನ ಮೇಲೆ ಅವಧಿ ಹದಿಮೂರು ಗಂಟೆಗೆ ಏರಿದೆ. ಆದರೂ ಸಂಜೆ ಐದೂವರೆಗೆ ಪುಸ್ತಕದಲ್ಲಿ ಎಂಬತ್ತಮೂರು ಎಂದೇ ಬರೆಯುತ್ತಾಳೆ. ಪ್ರಮಾಣಪತ್ರ ಕೊಟ್ಟಾಗಿದೆಯಲ್ಲ.

ಹೊಲಿಗೆಯವಳಿಗೆ ಹೊಲಿಗೆಯ ಕೆಲಸ ಬಿಡುವಂತಿಲ್ಲ. ಅವಳ ಬದಲು ಈಗ ಅಪ್ಪ ಬಂದು ಬೆಂಚಿನ ಮೇಲೆ ಕೂರುತ್ತಾನೆ. ಮಾತಾಡುವುದಿಲ್ಲ, ಏನನ್ನೂ ಕೇಳುವುದಿಲ್ಲ. ಕಚೇರಿಗೆ ಇಂಥ ಒಳ್ಳೆಯ ಅರ್ಜಿದಾರ ಹಿಂದೆಂದೂ ಬಂದಿರಲಿಲ್ಲವೆಂದು ಅಧೀಕ್ಷಕರು ಬಂದವರಿಗೆಲ್ಲ ಹೇಳುತ್ತಾರೆ. ದಿನಾ ಒಂದೇ ಜಾಗದಲ್ಲಿ ಇರುವುದನ್ನು ಗಮನಿಸಿ ಗೋಂದಣ್ಣ ಅವನ ಅಂಗಿಗೂ ಲೇಬಲ್ ಅಂಟಿಸಿದ್ದಾನೆ. ಸಂಖ್ಯೆ, "ಶೀಘ್ರ", "ಸಮಿತಿಯಿಂದ ಪರಿಶೀಲಿಸಲಾಗಿದೆ", ಮೂರೂ ಬಲಭಾಗದಲ್ಲಿ. ಮುದುಕ ಅಡ್ಡಿ ಮಾಡಲಿಲ್ಲ.

ಇತ್ತೀಚೆಗೆ ಅವನು ಬೆಂಚಿನ ಮೇಲೆ ಸ್ವಲ್ಪ ಬಲಕ್ಕೆ ವಾಲಿ ಕೂರುತ್ತಾನೆ. ಸಮಿತಿ ಕಾರಿನಲ್ಲಿ ಇಳಿದು ಬಂದು, ಇಪ್ಪತ್ತು ನಿಮಿಷ ನೋಡಿ, ಅದು ವಯಸ್ಸಿನಿಂದ ಎಂದು ಷರಾ ಬರೆದಿದೆ.